ಶಾಂತಕ್ಕನಿಗೆ ನಾನು ದಾರಿ ತೋರಿಸಿದ್ದು

ಉಪದೇಶ ಮಾಡುವವರಿಗೆ ವಿಷಯ ಗೊತ್ತಿರಲೇಬೇಕೆಂಬ ನಿಯಮ ನಮ್ಮಲ್ಲಿ ಎಂದೂ ಇರಲಿಲ್ಲ. ಇದ್ದಿದ್ದರೆ ಅರ್ಧ ಊರು ಮೌನವಾಗಿರುತ್ತಿತ್ತು. ನಾನಂತೂ ಊಟಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದೆ. ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಎರಡನೆಯ ವರ್ಷದಲ್ಲಿದ್ದಾಗ, ಹೊಸದಾಗಿ ಸೇರಿದ ಒಬ್ಬೊಬ್ಬರಿಗೂ ಒಬ್ಬೊಬ್ಬ ಹಿರಿಯ ವಿದ್ಯಾರ್ಥಿ ದಾರಿ ತೋರಿಸಬೇಕೆಂದು ನಮ್ಮ ವಿಭಾಗದಲ್ಲಿ ತೀರ್ಮಾನವಾಯಿತು. ಯೋಗ್ಯತೆ ನೋಡಿ ಜೋಡಿ ಮಾಡುತ್ತಾರೆಂದುಕೊಂಡಿದ್ದೆ. ಮುಖ್ಯಸ್ಥರು ಬಸ್ಸಿನ ದಾರಿ ನೋಡಿ ಮಾಡಿದರು. ನಾನು ರೋಣದವಳು, ಶಾಂತಕ್ಕ ಗಜೇಂದ್ರಗಡದವಳು. ಇಬ್ಬರಿಗೂ ಒಂದೇ ಬಸ್ಸು.

ಶಾಂತಕ್ಕನಿಗೆ ಆಗಲೇ ಮೂವತ್ನಾಲ್ಕು. ಮನೆಯ ಕೈಮಗ್ಗದಲ್ಲಿ ಸೀರೆ ನೇಯುತ್ತಲೇ ಬಿ.ಎ. ಮುಗಿಸಿ, ಮನೆಯವರನ್ನು ಒಬ್ಬೊಬ್ಬರಾಗಿ ಒಪ್ಪಿಸಿ ಬಂದವಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳಾದರೂ, ಶಾಲೆಯಲ್ಲಿ ಕಲಿಸುವವರನ್ನು ಕರೆಯುವ ಹಾಗೆ ನನ್ನನ್ನು ‘ಅಕ್ಕೋರ’ ಎನ್ನುತ್ತಿದ್ದಳು. ಬೇಡ ಎನ್ನಬೇಕಿತ್ತು. ಎರಡು ದಿನ ಬಿಟ್ಟು ಹೇಳೋಣವೆಂದುಕೊಂಡೆ, ಅಷ್ಟರಲ್ಲಿ ಹಿತವೆನಿಸತೊಡಗಿತು. ಗ್ರಂಥಾಲಯ, ಮೆಸ್ಸು, ಹಾಸ್ಟೆಲಿನ ಯಾವ ನಲ್ಲಿಯಲ್ಲಿ ಎಷ್ಟು ಹೊತ್ತಿಗೆ ನೀರು ಬರುತ್ತದೆ, ಎಲ್ಲ ತೋರಿಸಿದೆ. ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ ತಿಳಿಯದಿದ್ದರೆ ಗಾಬರಿಯಾಗಬೇಡಿ, ಸರ್ ನಿಮ್ಮ ಕಡೆ ನೋಡಿದಾಗ ತಲೆ ಆಡಿಸಿಬಿಡಿ, ಪರೀಕ್ಷೆಗೆ ಬಾಯಿಪಾಠ ಮಾಡಿದರಾಯಿತು ಎಂದೂ ಹೇಳಿದೆ. ಇದು ನನ್ನ ಒಂದು ವರ್ಷದ ವಿದ್ಯಾಭ್ಯಾಸದ ಸಾರ.

ಮೂರು ವಾರದ ನಂತರ, ಶನಿವಾರ ಊರಿಗೆ ಹೊರಟಾಗ ಶಾಂತಕ್ಕ ತನ್ನ ಟ್ರಂಕನ್ನೂ ಬಸ್ಸಿಗೆ ಹಾಕಿಸಿದಳು. ಬರುವಾಗ ರೊಟ್ಟಿ, ಚಟ್ನಿಪುಡಿ ತುಂಬಿಕೊಂಡು ಬರಲಿಕ್ಕಿರಬೇಕೆಂದು ನಾನು ಸಂತೋಷಪಟ್ಟೆ. ನರಗುಂದ ದಾಟಿದ ಮೇಲೆ ಅವಳು, ಸೋಮವಾರ ತಾನು ಬರುವುದಿಲ್ಲ, ಓದು ಬಿಡುತ್ತೇನೆ ಎಂದಳು.

“ನೇಯೂ ಮುಂದ ಎಳಿ ಹರೀತಂದ್ರ ಮಗ್ಗ ನಿಲ್ಲಿಸಿ, ಗಂಟ ಹಾಕಿ ಮುಂದ ಹೋಗ್ತೀವ್ರಿ ಅಕ್ಕೋರ. ಇಲ್ಲಿ ದಿನಾ ಹರೀತೈತಿ, ನಾನು ತಲಿ ಆಡಿಸಿ ಮುಂದ ಹೊಂಟೀನಿ. ಇಂಥಾ ಕೆಲಸ ನನಗ ರೂಢಿ ಇಲ್ರಿ.”

ನನಗೆ ಹೆದರಿಕೆಯಾಯಿತು. ಅಷ್ಟು ಜನರನ್ನು ಒಪ್ಪಿಸಿ ಬಂದವಳನ್ನು ಮೂರೇ ವಾರದಲ್ಲಿ ಮನೆಗೆ ಕಳಿಸಿದ ಕೀರ್ತಿ ನನ್ನದಾಗಲಿತ್ತು. ಎಲ್ಲಿ ತಿಳಿಯಲಿಲ್ಲ ಹೇಳಿ, ಇಲ್ಲೇ ಬಗೆಹರಿಸೋಣ ಎಂದೆ. ಶಾಂತಕ್ಕ ನೋಟ್‌ಬುಕ್ ತೆರೆದು ಮಾನಕ ವಿಚಲನೆಯ ಸೂತ್ರದ ಮೇಲೆ ಬೆರಳಿಟ್ಟಳು. ಮೊದಲು ವರ್ಗ ಯಾಕೆ ಮಾಡಬೇಕು, ಕಡೆಗೆ ವರ್ಗಮೂಲ ಯಾಕೆ ತೆಗೆಯಬೇಕು ಎಂದು ಕೇಳಿದಳು. ನನಗೆ ಸೂತ್ರ ಬಾಯಿಗೆ ಬರುತ್ತಿತ್ತು. ಅದರಲ್ಲಿ ಪ್ರಥಮ ದರ್ಜೆಯೂ ಬಂದಿತ್ತು. ಆದರೆ ಯಾಕೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಎಷ್ಟೋ ಹೊತ್ತು ಕಿಟಕಿಯಾಚೆ ಎರೆಹೊಲ ನೋಡಿದೆ. ಹೊಲವೂ ಏನೂ ಹೇಳಲಿಲ್ಲ. ರೋಣ ಹತ್ತಿರವಾದಾಗ, ನನಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡೆ.

ಶಾಂತಕ್ಕನ ಮುಖ ಗೆಲುವಾಯಿತು. “ಸಮಾಧಾನ ಆತ್ ನೋಡ್ರಿ. ನನಗ ತಲೀನ ಇಲ್ಲಂತ ತಿಳಕೊಂಡಿದ್ನಿ. ಸೋಮವಾರ ಸರ್ ಅವರನ್ನ ಕೇಳಿಬಿಡ್ತೀನಿ. ನೀವೂ ಬರ್ರಿ, ಒಬ್ಬಾಕಿಗೆ ಅಂಜಿಕಿ ಬರ್ತೈತಿ.”

ಸೋಮವಾರ ಮೊದಲನೆಯ ವರ್ಷದ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಇಬ್ಬರೂ ಕೂತೆವು. ಶಾಂತಕ್ಕ ಎದ್ದು ಕೇಳಿದಳು. ಸರ್ ಬೋರ್ಡಿನ ಮೇಲಿದ್ದದ್ದನ್ನೆಲ್ಲ ಒರೆಸಿದರು. ಬಹುಶಃ ಅವರನ್ನೂ ಯಾರೂ ಕೇಳಿರಲಿಲ್ಲ. ಆಮೇಲೆ ಮೊದಲಿನಿಂದ ನಿಧಾನವಾಗಿ ಹೇಳಿದರು. ಇಡೀ ಕ್ಲಾಸಿಗೆ ತಿಳಿಯಿತು, ಒಂದು ವರ್ಷ ತಡವಾಗಿ ನನಗೂ. ಶಾಂತಕ್ಕ ಓದು ಬಿಡಲಿಲ್ಲ, ನಾನು ಆ ಕ್ಲಾಸು ಬಿಡಲಿಲ್ಲ.

ತಿಂಗಳಾದ ಮೇಲೆ ಒಂದು ದಿನ ಸರ್ ನನ್ನನ್ನು ಗುರುತಿಸಿ, ಎರಡನೆಯ ವರ್ಷದವಳಿಗೆ ಇಲ್ಲೇನು ಕೆಲಸ ಎಂದರು. ಇವರು ಹೊಸಬರು ಸರ್, ಜೊತೆಗೆ ಬಂದಿದ್ದೇನೆ ಎಂದೆ. ಹಿರಿಯ ವಿದ್ಯಾರ್ಥಿಗಳೆಂದರೆ ಹೀಗಿರಬೇಕು ಎಂದು ಅವರು ಇಡೀ ಕ್ಲಾಸಿಗೆ ನನ್ನನ್ನು ತೋರಿಸಿದರು. ನಾನು ವಿನಯದಿಂದ ಕಣ್ಣು ಕೆಳಗೆ ಮಾಡಿದೆ. ಅಲ್ಲಿ, ನನಗೆ ಇನ್ನೂ ಬಿಡಿಸಲು ಬಾರದ ಲೆಕ್ಕವನ್ನು ಶಾಂತಕ್ಕ ಬಿಡಿಸಿ, ನನಗೆ ಕಾಣುವ ಹಾಗೆ ನೋಟ್‌ಬುಕ್ಕನ್ನು ಸರಿಸಿಟ್ಟಿದ್ದಳು.