ಸಾಹೇಬರ ಪಥ್ಯ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಅಜ್ಜಿ ಕಳ್ಳಿಯಲ್ಲ. ಇದನ್ನು ಹೀಗೆ ಬರೆದು ತಿಳಿಸಬೇಕಾದ ಗತಿ ಬಂದದ್ದು ನನ್ನಿಂದಲೇ. ಅವಳು ಕಳ್ಳಿ ಎಂದು ಸಾರಿದವಳು ನಾನು, ಅದೂ ಹೊರಗಿನವರೊಬ್ಬರ ಎದುರಿಗೆ. ಬಾಯಲ್ಲಿ ಮುತ್ತಿಟ್ಟುಕೊಂಡಿದ್ದಾಳೆ ಎಂದು ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಾರೆ. ಅಪರೂಪಕ್ಕೊಮ್ಮೆ ಬಾಯಿ ಬಿಟ್ಟರೆ ಉದುರಿದ್ದು ಈ ಮುತ್ತು.

ನನ್ನ ತಮ್ಮ ಒಂದು ಗೋಲ್ಡ್‌ಫಿಶ್ ಸಾಕಿದ್ದಾನೆ. ಅದರ ಉಬ್ಬಿದ ಹೊಟ್ಟೆ, ಗಂಭೀರ ಮುಖ, ದಿನವಿಡೀ ಏನೂ ಮಾಡದೆ ಗಾಜಿನ ಹಿಂದಿನಿಂದ ಎಲ್ಲರನ್ನೂ ನೋಡುವ ಠೀವಿ ಕಂಡು ಅವನೇ ಅದಕ್ಕೆ ಸಾಹೇಬರು ಎಂದು ಹೆಸರಿಟ್ಟ. ಅವನು ಶಾಲೆಯ ಪ್ರವಾಸಕ್ಕೆ ಹೊರಟಾಗ ಸಾಹೇಬರ ಆರೈಕೆ ನನ್ನ ಪಾಲಿಗೆ ಬಂತು. ಮನೆಯಲ್ಲಿ ಬಿಡುವಾಗಿರುವವಳು ನಾನೊಬ್ಬಳೇ. ನಾನು ಹೋದ ವರ್ಷ ಶಾಲೆ ಬಿಟ್ಟೆ. (ಹಾಜರಿ ಕೂಗಿದಾಗ ಉತ್ತರ ಕೊಡಲು ಗಂಟಲು ಕಟ್ಟುತ್ತಿತ್ತು. ಮೂರನೆಯ ಬೆಂಚಿನಲ್ಲಿ ಕೂತಿದ್ದೂ ಅರ್ಧ ವರ್ಷ ಗೈರುಹಾಜರಾದ ದಾಖಲೆ ನನ್ನದು.) ಈಗ ಅಮ್ಮನ ಹೊಲಿಗೆ ಕೆಲಸಕ್ಕೆ ಗುಂಡಿ ಹಾಕಿಕೊಡುತ್ತೇನೆ.

ಹೊರಡುವಾಗ ತಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ಇದನ್ನಾದ್ರೂ ಅರ್ಧಕ್ಕೆ ಬಿಡ್ಬೇಡ ಕಣೇ" ಎಂದ. ಎಂಟು ವರ್ಷದ ಹುಡುಗ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ನಾಟಿತು. ಮೀನಿನ ಒಂದು ಹುರುಪೆ ಕೂಡ ಉದುರದಂತೆ ಅವನ ಕೈಗೆ ಒಪ್ಪಿಸುತ್ತೇನೆಂದು ನಿಶ್ಚಯಿಸಿದೆ.

ಬುಧವಾರ ಬೆಳಿಗ್ಗೆ ನೋಡುತ್ತೇನೆ, ಸಾಹೇಬರು ಮಗ್ಗುಲಾಗಿ ನೀರಿನ ಮೇಲೆ ತೇಲುತ್ತಿದ್ದಾರೆ. ಒಂದು ಕಣ್ಣು ಸೂರಿನ ಕಡೆಗೆ, ಇನ್ನೊಂದು ತಳದ ಕಲ್ಲುಗಳ ಕಡೆಗೆ. ಜೀವವಿತ್ತು, ಸಮತೋಲವಿರಲಿಲ್ಲ.

ಬಣ್ಣದ ಮೀನು ಮಾರುವ ಅಂಗಡಿಗೆ ಓಡಿದೆ. ಓಡಿದ್ದು ಹತ್ತು ನಿಮಿಷ. ಅಲ್ಲಿ ಮಾತಾಡದೆ ನಿಂತದ್ದು ಅರ್ಧ ಗಂಟೆ. ಕೊನೆಗೆ ಅಂಗಡಿಯವರೇ, "ಏನಮ್ಮಾ, ಮಾತಾಡ್ತೀಯಾ, ಇಲ್ಲ ನೀನೂ ಇವುಗಳ ಹಾಗೆ ಬರೀ ಬಾಯಿ ಆಡಿಸ್ತೀಯಾ?" ಎಂದರು. ರೋಗಲಕ್ಷಣಗಳನ್ನು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಮುಂದೆ ಹಿಡಿದೆ. ಓದಿ ಹೇಳಿದರು:

"ಹೊಟ್ಟೆ ಕಟ್ಟಿದೆ. ಇವತ್ತಿಂದ ಮೂರು ದಿನ ಏನೂ ಹಾಕ್ಬೇಡ. ನಾಲ್ಕನೇ ದಿನ ಒಂದು ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಚೂರು ಮಾಡಿ ಹಾಕು. ಮಧ್ಯೆ ಯಾರಾದ್ರೂ ಕನಿಕರ ತೋರಿಸಿದ್ರೋ, ಮೀನಿನ ಆಸೆ ಬಿಟ್ಬಿಡು."

ಮನೆಗೆ ಬಂದು ಗಾಜಿನ ತೊಟ್ಟಿಗೆ 'ಯಾರೂ ಆಹಾರ ಹಾಕಬಾರದು' ಎಂದು ಚೀಟಿ ಅಂಟಿಸಿದೆ. ತೊಟ್ಟಿಯ ಪಕ್ಕದ ಕುರ್ಚಿ ಅಜ್ಜಿಯದು. ಅವಳು ಚೀಟಿ ಓದಿದಳು, ಮೀನನ್ನು ನೋಡಿದಳು.

"ಅಯ್ಯೋ ಪಾಪ, ಮೂರು ದಿನಾನಾ? ಬಾಯಿ ಬಾಯಿ ಬಿಡ್ತಾ ಇದೆಯಲ್ಲೇ! ಒಂದು ಚೂರು ಹಾಕಿದ್ರೆ ಏನು ಮುಳುಗಿಹೋಗುತ್ತೆ?"

"ಅಜ್ಜೀ, ಅದು ಉಸಿರಾಡ್ತಿರೋದು."

"ನಾನೂ ಉಸಿರಾಡ್ತೀನಿ. ಹಾಗಂತ ನನಗೆ ಹಸಿವಾಗಲ್ವಾ?"

ನನ್ನ ಸಂಶಯ ಆ ಕ್ಷಣ ಮೊಳಕೆಯೊಡೆಯಿತು. ಮೀನಿನ ಆಹಾರ ತರಗೆಲೆಯಂಥ ಸಣ್ಣ ಚೂರುಗಳು, ಪಾರದರ್ಶಕ ಡಬ್ಬಿಯಲ್ಲಿರುತ್ತವೆ. ಡಬ್ಬಿಯ ಮೈಗೆ ಕಾಗದದ ಪಟ್ಟಿ ಅಂಟಿಸಿ, ಆಹಾರದ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯುವುದೆಂದು ತೀರ್ಮಾನಿಸಿದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ ಇದ್ದರೆ ಅಳತೆ ತಪ್ಪುತ್ತದಲ್ಲ? ಆದ್ದರಿಂದ ಡಬ್ಬಿಯನ್ನು ಮೇಜಿಗೆ ಹದಿನೈದು ಸಲ ಮೆಲ್ಲಗೆ ಕುಟ್ಟಿ, ಸಮ ಮಾಡಿ, ಆಮೇಲೆ ಗೆರೆ ಎಳೆದೆ.

ಗುರುವಾರ ಇಪ್ಪತ್ತು ಸಲ ಕುಟ್ಟಿ ನೋಡಿದರೆ ಆಹಾರ ಗೆರೆಗಿಂತ ಒಂದು ಉಗುರಿನಷ್ಟು ಕೆಳಗಿತ್ತು. ಶುಕ್ರವಾರ, ತಪ್ಪಿಗೆ ಎಡೆಯೇ ಇರಬಾರದೆಂದು, ಮೂವತ್ತು ಸಲ ಕುಟ್ಟಿದೆ. ಇನ್ನೂ ಒಂದು ಉಗುರು ಕೆಳಗೆ! ಸಾಹೇಬರು ಹಾಗೆಯೇ ವಾಲಿಕೊಂಡಿದ್ದರು. ಅಜ್ಜಿ ತೊಟ್ಟಿಯ ಮೇಲೆ ಬಾಗಿ ಅವರೊಡನೆ ಪಿಸುಮಾತು ಆಡುತ್ತಿದ್ದಳು. ಇನ್ನೇನು ಸಾಕ್ಷಿ ಬೇಕು?

ಆ ಹೊತ್ತಿಗೆ ಗ್ರಂಥಾಲಯದ ಮೇಡಂ ತಮ್ಮ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಿದ್ದರು. ನಾನು ಮನೆ ಬಿಟ್ಟು ಧೈರ್ಯವಾಗಿ ಹೋಗುವ ಜಾಗ ಅವರ ಗ್ರಂಥಾಲಯ ಒಂದೇ. ಅವರಿದ್ದಾರೆ ಎಂಬುದನ್ನೂ ಮರೆತು ನಡುಕೋಣೆಯ ಮಧ್ಯೆ ನಿಂತೆ.

"ಅಜ್ಜೀ, ಡಬ್ಬಿಯಲ್ಲಿ ಯಾಕೆ ಕಮ್ಮಿಯಾಗ್ತಿದೆ?"

"ಯಾವ ಡಬ್ಬಿಯೇ?"

"ಕದ್ದು ಕದ್ದು ಹಾಕ್ತಿದ್ದೀಯಲ್ಲ, ಆ ಡಬ್ಬಿ. ಗೆರೆ ಎಳೆದಿಟ್ಟಿದ್ದೀನಿ, ಸುಳ್ಳು ಹೇಳ್ಬೇಡ."

ಅಮ್ಮನ ಹೊಲಿಗೆ ಯಂತ್ರ ನಿಂತಿತು. ಮೇಡಂ ತೋಳಿನ ಉದ್ದ ತೋರಿಸಲು ಚಾಚಿದ ಕೈ ಚಾಚಿದಂತೆಯೇ ಬೆದರುಬೊಂಬೆಯಾದರು. ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಹೌದು ತಾಯೀ, ನಾನೇ ಕಳ್ಳಿ. ತಾವು ಗೆರೆ ಬೇರೆ ಎಳೆದಿದ್ದೀರಿ, ಇನ್ನೇನು ಹೇಳೋದು?"

ಅಜ್ಜಿ ನನಗೆ 'ತಾವು' ಎಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು.

"ಅತ್ತೇ, ಅದಕ್ಕೇನೋ ಗೊತ್ತಾಗದೆ..." ಎಂದು ಅಮ್ಮ ಎದ್ದಳು.

"ನೀನು ಸುಮ್ಮನಿರಮ್ಮಾ, ತೀರ್ಪಾಗಿದೆ. ಆ ಮೀನು ತಿನ್ನೋವರೆಗೆ ನಾನೂ ತಿನ್ನಲ್ಲ."

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಬರೀ ಚಹಾ ಕುಡಿದಳು. ಒಬ್ಬ ರೋಗಿಯನ್ನು ನೋಡಿಕೋ ಎಂದರೆ ನಾನು ಉಪವಾಸದ ವಾರ್ಡನ್ನೇ ತೆರೆದಿದ್ದೆ.

ಸಂಜೆ ಅಪ್ಪ ಬಂದರು. ಅವರು ಗಡಿಯಾರ ರಿಪೇರಿ ಮಾಡುವವರು, ಯಾವುದಕ್ಕೂ ಅವಸರವಿಲ್ಲ. ಎಲ್ಲ ಕೇಳಿ, "ಹೇಗೆ ಅಳೆದೆ, ತೋರಿಸು" ಎಂದರು. ಕುಟ್ಟಿ ತೋರಿಸಿದೆ. ಅವರು ಹೊಸ ಗೆರೆ ಎಳೆದು, ಮುಚ್ಚಳ ಬಿಗಿ ಮಾಡಿ, ನನ್ನ ಕೈಗೇ ಕೊಟ್ಟರು.

"ಇನ್ನೊಂದು ಐವತ್ತು ಸಲ ಕುಟ್ಟು."

ಕುಟ್ಟಿದೆ. ನನ್ನ ಕಣ್ಣೆದುರಿಗೇ ಆಹಾರ ಗೆರೆಯಿಂದ ಕೆಳಗಿಳಿಯಿತು.

"ಮುಚ್ಚಳ ಹಾಕಿದೆ. ಈಗ ಯಾರು ಕದ್ದರು?"

ಮುಚ್ಚಳ ತಿರುಗಿಸಿ ನೋಡಿದೆ. ಬಿಗಿಯಾಗಿಯೇ ಇತ್ತು.

"ಕುಟ್ಟಿದ ಹಾಗೆಲ್ಲ ಒಳಗೆ ಒತ್ತಾಗಿ ಕೂತ್ಕೊಳ್ಳುತ್ತೆ ಮಗಳೇ. ಮೂರು ದಿನದಿಂದ ಕಮ್ಮಿ ಮಾಡ್ತಿರೋದು ನೀನೇ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಾನು ಶಾಲೆ ಬಿಟ್ಟ ದಿನ ಅಪ್ಪ ಬೈದಿದ್ದರು, ಅಮ್ಮ ಅತ್ತಿದ್ದಳು. ಅಜ್ಜಿ ಮಾತ್ರ ತನ್ನ ಮಂಚದಲ್ಲಿ ಸರಿದು ಜಾಗ ಮಾಡಿ, "ಬಾ, ಹಗಲು ಹೊತ್ತು ನನಗೂ ಜೊತೆ ಬೇಕಿತ್ತು" ಎಂದಿದ್ದಳು. ಅಂಥವಳಿಗೆ ನಾನು ಪೆನ್ಸಿಲ್ ಗೆರೆ ತೋರಿಸಿದ್ದೆ. ಆ ಸಂಜೆ ನಾಲ್ಕು ಸಲ ಅವಳ ಕೋಣೆಯ ಬಾಗಿಲವರೆಗೆ ಹೋದೆ. ನಾಲ್ಕು ಸಲವೂ ಹೇಳದೆಯೇ ಹಿಂದಿರುಗಿದೆ. ವಿಷಯ ತಿಳಿದ ಮೇಲೂ ಅಜ್ಜಿ ತಟ್ಟೆ ಮುಟ್ಟಲಿಲ್ಲ. "ಮಾತು ಅಂದ್ರೆ ಮಾತು. ಮೊದಲು ಸಾಹೇಬರು."

ಶನಿವಾರ ಬೆಳಿಗ್ಗೆ ಬಟಾಣಿ ಬೇಯಿಸಿದೆ. ಅಪ್ಪನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಅವರ ಚಿಮಟದಿಂದ ಸಿಪ್ಪೆ ಬಿಡಿಸಿ, ಒಂದನ್ನು ಎಂಟು ಚೂರು ಮಾಡಿದೆ. ಆ ಹೊತ್ತಿನಲ್ಲಿ ಮನೆಗೆ ಯಾರು ಬಂದರು, ಯಾರು ಹೋದರು, ನನಗೆ ಖಬರಿಲ್ಲ. ಒಂದು ಚೂರನ್ನು ಸಾಹೇಬರ ಮೂತಿಯ ಮುಂದೆ ಹಿಡಿದೆ. ಮುಖ ತಿರುಗಿಸಿದರು. ಇನ್ನೊಮ್ಮೆ ಹಿಡಿದೆ. ಮೂರನೆಯ ಸಲ ಗಬಕ್ಕನೆ ನುಂಗಿದರು! ಮತ್ತೊಂದು, ಮಗದೊಂದು. ಎಂಟೂ ಮುಗಿದ ಮೇಲೆ ಬಾಲ ಬಡಿದು, ಒಮ್ಮೆ ತೂಗಾಡಿ, ಬಹುಮಟ್ಟಿಗೆ ನೆಟ್ಟಗಾದರು.

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು. ಅಜ್ಜಿಯ ಕೋಣೆಗೆ ಓಡಿದೆ. ಬಾಗಿಲು ಮುಚ್ಚಿತ್ತು. ಒಳ್ಳೆಯದೇ ಆಯಿತು, ಮುಖ ನೋಡಬೇಕಾಗಿಲ್ಲ. ಕಣ್ಣು ಮುಚ್ಚಿ, ಹಣೆಯನ್ನು ಬಾಗಿಲಿಗೆ ಒತ್ತಿ, ಒಂದೇ ಉಸಿರಿಗೆ ಹೇಳಿದೆ:

"ಅಜ್ಜೀ, ನಂದೇ ತಪ್ಪು. ನಿನ್ನನ್ನ ಕಳ್ಳಿ ಅಂದಿದ್ದಕ್ಕೆ ನನಗೆ ನನ್ನ ಮುಖ ನೋಡ್ಕೊಳ್ಳೋಕೂ ಆಗ್ತಿಲ್ಲ. ಸಾಹೇಬರು ತಿಂದ್ರು. ನೀನೂ ತಿನ್ನು. ನನಗೆ 'ತಾವು' ಅನ್ನಬೇಡ, ದಮ್ಮಯ್ಯ."

ಬಾಗಿಲು ತೆರೆಯಿತು. ಹೊಸ ತೋಳಿನ ಕೋಟು ತೊಟ್ಟು ಗ್ರಂಥಾಲಯದ ಮೇಡಂ ನಿಂತಿದ್ದರು. (ಅಮ್ಮನ ಗಿರಾಕಿಗಳು ಬಟ್ಟೆ ಹಾಕಿ ನೋಡುವುದು ಆ ಕೋಣೆಯಲ್ಲೇ.)

"ನನ್ನದೇನೂ ಅಭ್ಯಂತರ ಇಲ್ಲಮ್ಮಾ," ಎಂದರು. "ಆದ್ರೆ ನಾನು ಈಗಾಗ್ಲೇ ತಿಂಡಿ ತಿಂದು ಬಂದಿದ್ದೀನಿ."

ಹಿಂದೆ ಏನೋ ಸದ್ದಾಯಿತು. ತಿರುಗಿದೆ. ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ಅಜ್ಜಿ ನಿಂತಿದ್ದಳು. ಸಾಹೇಬರು ಮೊದಲ ಚೂರು ನುಂಗಿದ್ದನ್ನು ಕಂಡವಳೇ ಒಳಗೆ ಹೋಗಿ ಬಡಿಸಿಕೊಂಡಿದ್ದಳು. ಎರಡು ಕೆನ್ನೆಗಳೂ ಉಬ್ಬಿದ್ದವು. ಕಣ್ಣು ಮಾತ್ರ ಒದ್ದೆಯಾಗಿತ್ತು.

"ಇನ್ನೊಂದ್ಸಲ ಹೇಳೇ," ಎಂದಳು. "ಅಗಿಯೋ ಸದ್ದಿಗೆ ಅರ್ಧ ಕೇಳಿಸ್ಲೇ ಇಲ್ಲ. ಸ್ವಲ್ಪ ಜೋರಾಗಿ."

ಹೇಳಿದೆ. ಸಾಲದೆಂದಳು, ಮತ್ತೆ ಹೇಳಿದೆ. ಮೂರನೆಯ ಸಲ ಹೇಳುವ ಹೊತ್ತಿಗೆ ಪಕ್ಕದ ಮನೆಯವರೂ ಕಿಟಕಿಗೆ ಬಂದಿದ್ದರು.