ಸಾವಿರ ಮೀಟರಿನ ಫಲಕ

ಕಾಸಿಯಾನನ ಕಷ್ಟ ಶುರುವಾದದ್ದು ಕಣಿವೆಯ ಟಿಕೆಟ್ ಕಿಟಕಿಯಲ್ಲಿ ಕೂರುವ ಮುದುಕಿ ನಿವೃತ್ತಳಾಗುತ್ತಾಳೆಂಬ ಸುದ್ದಿಯಿಂದ. ಹನ್ನೊಂದು ಚಳಿಗಾಲ ಅವನು ಹಿಮದ ಬೆಟ್ಟದ ತುದಿಯಲ್ಲಿ, ಸ್ಕೀಯವರನ್ನು ತೂಗುಕುರ್ಚಿಯಲ್ಲಿ ಮೇಲೆ ತರುವ ಲಿಫ್ಟಿನ ಗೂಡಿನಲ್ಲಿ ಒಬ್ಬನೇ ಕೂತಿದ್ದ. ಜನ ಕುರ್ಚಿಯಿಂದ ಇಳಿಯುತ್ತಿದ್ದರು, ಜಾರಿ ಹೋಗುತ್ತಿದ್ದರು, ಯಾರೂ ನಿಲ್ಲುತ್ತಿರಲಿಲ್ಲ. ಈಚೆಗೆ ಅವನು ಲಿಫ್ಟ್ ನಿಲ್ಲಿಸುವ ಕೆಂಪು ಗುಂಡಿಯ ಜತೆ ಮಾತಾಡತೊಡಗಿದ್ದ. ಅದು ಉತ್ತರ ಕೊಟ್ಟಂತೆ ಅನಿಸಿದ ದಿನ ಭಯವಾಯಿತು. ಕೆಳಗಿನ ಕಿಟಕಿಯ ಕೆಲಸ ಸಿಕ್ಕರೆ ದಿನಕ್ಕೆ ಸಾವಿರ ಮುಖ, ಜಗಳವಾದರೂ ಸರಿ.

ಆದರೆ ಕೇಳುವುದು ಹೇಗೆ? ಕಣಿವೆಯಲ್ಲಿ ಲಿಫ್ಟ್ ಕಂಪನಿಯ ನಿರ್ದೇಶಕ ಲೊರೆಂಟ್ಸ್ ಗ್ರೂಬರ್ ಎದುರು ಟೋಪಿ ತೆಗೆದು 'ಸಾಹೇಬರೇ' ಅನ್ನಬೇಕು. ಅಷ್ಟರಲ್ಲೇ ಅವನ ನಾಲಿಗೆ ಹೆಪ್ಪುಗಟ್ಟುತ್ತಿತ್ತು. ಪುಣ್ಯಕ್ಕೆ ಟಿರೋಲ್ ಬೆಟ್ಟನಾಡಿನಲ್ಲಿ ಅಜ್ಜಂದಿರ ಕಾಲದ ಕಟ್ಟಳೆಯೊಂದಿದೆ: ಸಾವಿರ ಮೀಟರ್ ಎತ್ತರ ತೋರಿಸುವ ಫಲಕ ದಾಟಿದ ಮೇಲೆ ಯಾರೂ ಯಾರಿಗೂ ಸಾಹೇಬರಲ್ಲ, ಎಲ್ಲರೂ ಹೆಸರು ಹಿಡಿದು ಕರೆಯುವ ಗೆಳೆಯರು. ಫಲಕದ ಕೆಳಗಿಳಿದರೆ ಮತ್ತೆ ಟೋಪಿ ಕೈಗೆ.

"ಸಿಬ್ಬಂದಿ ಪ್ರವಾಸದ ದಿನ ಮೇಲೇ ಕೇಳ್ಬಿಡೋ," ಎಂದಳು ಬೆಟ್ಟದ ಹೋಟೆಲಿನ ಅಡುಗೆಯ ಬುರ್ಗಿ. "ಸಾಹೇಬ್ರಿಗೀಗ ಸ್ನೋಬೋರ್ಡ್ ಹುಚ್ಚು. ನೀನೂ ಅದರ ಮೇಲೆ ನಿಂತ್ಕೊ."

"ನಂಗೆ ಸ್ಕೀ ಬಿಟ್ರೆ ಏನೂ ಬರಲ್ಲ."

"ಅವರಿಗೂ ಬರಲ್ಲ. ಅದಕ್ಕೇ ಜತೆ ಬೇಕು."

ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡಾಗ ಕಾಸಿಯಾನನಿಗೆ ಸಂತೆಗೆ ಹೊರಟ ಕೋಳಿಯ ನೆನಪಾಯಿತು. ಅರ್ಧ ಗಂಟೆಯಲ್ಲಿ ಒಂಬತ್ತು ಸಲ ಬಿದ್ದ. ನಿರ್ದೇಶಕರು ಹದಿಮೂರು ಸಲ. ಕೊನೆಗೆ ಇಬ್ಬರೂ ಬಿದ್ದಲ್ಲೇ ಕೂತು ಒಬ್ಬರ ಬೆನ್ನಿನ ಹಿಮ ಒಬ್ಬರು ಕೊಡವಿದರು. ಆಗ ಅವನಿಗೆ ಧೈರ್ಯ ಬಂತು.

"ಲೊರೆಂಟ್ಸ್, ಕೆಳಗಿನ ಕಿಟಕಿ ನಂಗೆ ಕೊಡ್ತೀಯಾ?"

"ಅಷ್ಟೇನಾ? ತಗೋ ಮಾರಾಯ. ಸಂಜೆ ಮುದುಕಿಯ ಬೀಳ್ಕೊಡುಗೆ ಇದೆಯಲ್ಲ, ಎಲ್ರ ಮುಂದೆ ಹೇಳ್ತೀನಿ."

ಖುಷಿಯಲ್ಲಿ ಎದ್ದು ನಿಂತದ್ದೇ ತಪ್ಪಾಯಿತು. ಹಲಗೆ ಅವನನ್ನು ಕೇಳದೆ ಹೊರಟು ಬುರ್ಗಿಯ ಸೌದೆ ರಾಶಿಯಲ್ಲಿ ನಿಂತಿತು. ಬಲಗೈ ಬನ್ನಿನಂತೆ ಊದಿತು. ನಿರ್ದೇಶಕರು ಲಿಫ್ಟಿನಲ್ಲಿ ಮೊದಲೇ ಇಳಿದರು. ಕಾಸಿಯಾನನನ್ನು ರಕ್ಷಣೆಯವರು ಜಾರುಬಂಡಿಗೆ ಕಟ್ಟಿ, ಮುಖಕ್ಕೂ ಕಂಬಳಿ ಹೊದಿಸಿ ಇಳಿಸಿದರು. ಫಲಕ ಯಾವಾಗ ದಾಟಿತೋ ಅವನಿಗೆ ಕಾಣಲೇ ಇಲ್ಲ.

ಕಟ್ಟು ಬಿಚ್ಚಿ ಕಂಬಳಿ ಸರಿಸಿದಾಗ ಕಂಡದ್ದು ನಿರ್ದೇಶಕರ ಮುಖ. ಇನ್ನೂ ಬೆಟ್ಟದಲ್ಲೇ ಇದ್ದೇನೆಂದುಕೊಂಡು ಎಡಗೈಯಿಂದ ಅವರ ಕೆನ್ನೆ ತಟ್ಟಿದ. "ಲೊರೆಂಟ್ಸ್, ಕಿಟಕಿ ಮರೀಬೇಡ್ವೋ ಕತ್ತೆ."

ಆಮೇಲೆ ಕಂಡಿತು ಟಿಕೆಟ್ ಕಿಟಕಿ. ಅದರ ಮುಂದೆ ಮೇಯರ್, ಪಾದ್ರಿ, ವಾದ್ಯದವರು. ತುತ್ತೂರಿಯೊಂದು ಅರ್ಧದಲ್ಲೇ ನಿಂತಿತು. ಬೀಳ್ಕೊಡುಗೆಗೆ ಇಳಿದು ಬಂದಿದ್ದ ಬುರ್ಗಿ ಶಿಲುಬೆಯ ಗುರುತು ಮಾಡಿಕೊಂಡಳು. ಕಾಸಿಯಾನ್ ಕಂಬಳಿಯನ್ನು ತಾನೇ ಮುಖದ ಮೇಲೆ ಎಳೆದುಕೊಂಡ.

ಅದನ್ನು ಸರಿಸಿದ ನಿರ್ದೇಶಕರ ಕಣ್ಣು ತುಂಬಿತ್ತು.

"ಹೆಂಡ್ತಿ ಹೋದ್ಮೇಲೆ ಈ ಕಣಿವೇಲಿ ನನ್ನ ಹೆಸರು ಹಿಡಿದು ಕರೆದೋನು ನೀನೊಬ್ಬನೇ ಕಣೋ. ನಿನ್ನನ್ನ ಈ ಕಿಟಕೀಲಿ ಕೂರಿಸಿದ್ರೆ ನಾಳೆ ನೀನೂ ಟೋಪಿ ತೆಗೀತೀಯ." ಅವರು ಅವನ ಕೈ ಅದುಮಿದರು, ಊದಿದ ಕೈಯೇ ಸಿಕ್ಕಿತು. "ನೀನು ಮೇಲೇ ಇರು. ಪ್ರತಿ ಭಾನುವಾರ ನಾನೇ ಹಲಗೆ ತಗೊಂಡು ಬರ್ತೀನಿ. ನಿಂಗೂ ಹೊಸದೊಂದು ತರ್ತೀನಿ."

"ಸಾಹೇಬರೇ, ದಯವಿಟ್ಟು..." ಎಂದ ಕಾಸಿಯಾನ್.

"ನೋಡಿದ್ರಾ," ನಿರ್ದೇಶಕರು ಮೇಯರ್ ಕಡೆ ತಿರುಗಿ ನಿಟ್ಟುಸಿರಿಟ್ಟರು, "ಕಿಟಕಿ ಹತ್ರ ಬಂದಿದ್ದೇ ತಡ, ಶುರು ಮಾಡ್ದ."

ಮಾರನೆಯ ಬೆಳಿಗ್ಗೆ ಮೇಲಿನ ಗೂಡಿನಲ್ಲಿ ಕಾಸಿಯಾನ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಕೆಂಪು ಗುಂಡಿ, ಅಪರೂಪಕ್ಕೆ, ಏನೂ ಹೇಳಲಿಲ್ಲ.