ಡಾಕ್ಟರಿಗೆ ಗೆರೆ ಹಾಕಿಕೊಟ್ಟ ನಮ್ಮ ಟೈಲರು

ಎದೆ ಕೊಯ್ಯುವ ಡಾಕ್ಟರಿಗೇ ಕತ್ತರಿ ಹಿಡಿಯುವ ಪಾಠ ಹೇಳಿದವರು ಮೈಸೂರಿನಲ್ಲಿ ಯಾರಾದರೂ ಇದ್ದರೆ, ಅದು ನಮ್ಮ ಯಜಮಾನರೊಬ್ಬರೇ! ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಆದರೆ ಅವರೀಗ ಪಡಸಾಲೆಯಲ್ಲಿ ಕೂತು ಮೊಮ್ಮಗಳ ಲಂಗಕ್ಕೆ ಅಳತೆ ತೆಗೆಯುತ್ತಿರುವುದನ್ನು ನೋಡಿದರೆ ಬರೆಯದೆ ಹೇಗಿರಲಿ?

ಇವರು ವಿಜಯನಗರದಲ್ಲಿ ಟೈಲರು. ಹಳೇ ಕೋಟು ಬಿಚ್ಚಿ ಸರಿಮಾಡುವುದರಲ್ಲಿ ಎತ್ತಿದ ಕೈ. ಮಗಳ ಮದುವೆಯಲ್ಲಿ, ಧಾರೆಯ ಹೊತ್ತಿಗೆ ಸರಿಯಾಗಿ, ಬೀಗರ ಅಂಗಿಯ ಕಾಲರು ಸೊಟ್ಟಗಿದೆಯೆಂದು ಬಿಚ್ಚಿಸಿಕೊಂಡುಬಿಟ್ಟರು. ಪಾಪ, ಬೀಗರು ಬನಿಯನ್ನಿನಲ್ಲೇ ಹಾಲು ಹುಯ್ದರು.

ಇವರಿಗೆ ಹೃದಯದ ಬೈಪಾಸ್ ಆಪರೇಷನ್ ಆಗಿ ಹನ್ನೊಂದು ವರ್ಷಕ್ಕೆ ಮತ್ತೆ ಎದೆನೋವು ಬಂತು. ಇನ್ನೊಂದು ಸಲ ಎದೆ ತೆರೆಯಲೇಬೇಕೆಂದರು ಡಾಕ್ಟರು.

"ಹಿಂದೆ ಜೋಡ್ಸಿದ ರಕ್ತನಾಳ ಒಂದು ಇನ್ನೂ ಚೆನ್ನಾಗಿ ಕೆಲ್ಸ ಮಾಡ್ತಿದೆ ಯಜಮಾನ್ರೇ. ಆದ್ರೆ ಅದು ಎದೆ ಮೂಳೆಗೆ ಅಂಟ್ಕೊಂಡಿದೆ. ಮೂಳೆ ಬಿಡಿಸುವಾಗ ಅದಕ್ಕೆ ಪೆಟ್ಟಾದ್ರೆ ಜೀವಕ್ಕೇ ಅಪಾಯ."

ನಾನು ತಾಳಿ ಮುಟ್ಟಿಕೊಂಡೆ. ಇವರ ಕಣ್ಣು ಅರಳಿತು.

"ಲೈನಿಂಗ್ ಅಂಟ್ಕೊಂಡಿರೋ ಹಳೇ ಕೋಟು ಕಣ್ರೀ ಇದು. ಒಂದೇ ಸಲ ಕತ್ತರಿ ಓಡಿಸ್ಬುಟ್ಟೀರ, ಜೋಕೆ. ಎಳೆ ಎಳೆ ಬಿಡಿಸ್ಕೊಂಡು ಬರ್ಬೇಕು. ಎಲ್ಲಿ, ನಿಮ್ ಕೈ ತೋರ್ಸಿ."

ಡಾಕ್ಟರು ನಗುತ್ತಾ ಕೈ ಚಾಚಿದರು. ಇವರು ಮಗುಚಿ ಮಗುಚಿ ನೋಡಿ, "ನಡುಗೋದಿಲ್ಲ, ಪರವಾಗಿಲ್ಲ" ಎಂದು ಪಾಸು ಮಾಡಿದರು. ಹೆಣ್ಣು ನೋಡಲು ಬಂದಾಗ ನನ್ನನ್ನೂ ಇಷ್ಟು ಹೊತ್ತು ನೋಡಿರಲಿಲ್ಲ.

"ಹೃದಯ ಕುಣೀತಾ ಇದ್ರೆ ಎಂಗೆ ಹೊಲೀತೀರಿ?"

"ತಣ್ಣನೆ ಔಷಧಿ ಬಿಟ್ಟು ನಿಲ್ಲಿಸ್ತೀವಿ. ಆ ಹಳೇ ನಾಳಕ್ಕೂ ಕ್ಲಿಪ್ ಹಾಕ್ತೀವಿ. ಇಲ್ದಿದ್ರೆ ಅದರಲ್ಲಿ ಬಿಸಿ ರಕ್ತ ಹರಿದು, ಮಲಗಿಸಿದ ಹೃದಯ ಎದ್ದುಬಿಡುತ್ತೆ. ಹೊಲಿದು ಮುಗಿಯೋವರೆಗೂ ಮೈಗೆಲ್ಲ ರಕ್ತ ಕಳಿಸೋಕೆ ಮೆಷೀನಿದೆ."

"ತುಳಿಯೋರು ಯಾರು?"

"ಕರೆಂಟಲ್ಲಿ ಓಡುತ್ತೆ."

"ನಮ್ಮೂರ್ ಕರೆಂಟಾ?"

ಜನರೇಟರ್ ತೋರಿಸಿದ ಮೇಲೇ ಇವರು ಒಪ್ಪಿದ್ದು.

ಆಪರೇಷನ್ ದಿನ ಬೆಳಿಗ್ಗೆ ನರ್ಸಮ್ಮ ಎದೆ ಒರೆಸಲು ಬಂದು ಬೆಚ್ಚಿದಳು. ಹಳೇ ಗಾಯದ ಪಕ್ಕದಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ನೆಟ್ಟಗಿನ ಗೆರೆ.

"ತಾತಾ, ಏನಿದು?"

"ನಿಮ್ ಡಾಕ್ಟ್ರಿಗೆ ಗುರುತು ಬೇಡ್ವೇನಮ್ಮ?"

ಬೈದುಕೊಂಡೇ ಉಜ್ಜಿ ತೆಗೆದಳು. ಗಾಲಿ ಮಂಚದ ಮೇಲೆ ಒಳಗೆ ಹೋಗುವಾಗಲೂ ಇವರು, "ಕತ್ತರಿ ಜೋಪಾನ" ಎನ್ನುತ್ತಲೇ ಇದ್ದರು. ಬಾಗಿಲು ಮುಚ್ಚಿತು. ಏಳು ಗಂಟೆ ಹೊತ್ತು ನಾನು ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಕಡೆಗೆ ಡಾಕ್ಟರೇ ಬಂದು, "ಹಳೇ ನಾಳಕ್ಕೆ ಒಂದು ಗೀರೂ ಆಗಿಲ್ಲಮ್ಮ" ಅಂದಾಗಲೇ ನಾನು ಎದ್ದು ಕೈ ಮುಗಿದದ್ದು.

ನಾಲ್ಕನೇ ದಿನ ಗಂಜಿ ಕುಡಿಸುತ್ತಿದ್ದೆ. ಇವರು ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದರು.

"ಹೃದಯ ನಿಲ್ಲಿಸಿದ್ರಲ್ಲ, ಆವಾಗ ನಾನು ಎಲ್ಲಿದ್ದೆ ಅಂತೀಯ?"

"ಇನ್ನೆಲ್ಲಿರ್ತೀರಿ? ಹೊರಗೆ ಬೆಂಚಿನ ಮೇಲೆ, ನನ್ ಪಕ್ಕದಲ್ಲೇ ಕೂತಿದ್ರಿ."

"ಮಾತಾಡ್ತಿದ್ನಾ?"

"ಇಲ್ಲ. ಅದಕ್ಕೇ ಹೆದರ್ಬುಟ್ಟಿದ್ದೆ."